‘ನಮ್ಮ ಸಹಾಯಕರು’: ಒಂದು–ಎರಡನೇ ತರಗತಿಗೆ ಚಟುವಟಿಕೆಯ ಮೂಲಕ ಕಲಿಸುವ ಬಗೆ

ಪ್ರಾಥಮಿಕ ಶಾಲಾ ಶಿಕ್ಷಕರ ತರಬೇತಿಯಾದ ಡಿ.ಇಎಲ್.ಇಡಿ. ಓದುತ್ತಿರುವ ನಾವು ಬೋಧನಾಭ್ಯಾಸಕ್ಕೆ ಹೋದಾಗ ಈ ಪಾಠಕ್ಕೆ ಸಾಮಾನ್ಯವಾಗಿ ಒಂದು ಪಟವನ್ನು ನೇತುಹಾಕುತ್ತೇವೆ. ಅದರಲ್ಲಿ ವೈದ್ಯರು, ಪೊಲೀಸರು, ಅಂಚೆಯಣ್ಣ, ರೈತ ಇರುತ್ತಾರೆ. ಮಕ್ಕಳು ಕೋಲಿನಿಂದ ಮುಟ್ಟಿ ಹೆಸರು ಹೇಳಿದರೆ ಪಾಠ ಮುಗಿಯಿತೆಂದು ಭಾವಿಸುತ್ತೇವೆ. ಹೆಸರು ಗುರುತಿಸುವುದು ಪಾಠದ ಹೊಸ್ತಿಲಷ್ಟೇ. ಆ ಕೆಲಸದಲ್ಲಿ ಯಾವ ಜಾಣ್ಮೆ ಅಡಗಿದೆ, ಅದು ಒಂದು ದಿನ ನಿಂತರೆ ನನ್ನ ಮನೆಯಲ್ಲಿ ಏನಾಗುತ್ತದೆ ಎಂಬುದು ಮಗುವಿಗೆ ಕೈಯಾರೆ ತಿಳಿಯಬೇಕು.

ಸುಮಾರು ಎರಡರಿಂದ ಏಳು ವರ್ಷದ ಮಗು ‘ಇದು ಅದು’ ಎಂದು ನಟಿಸುತ್ತಲೇ ಲೋಕವನ್ನು ಗ್ರಹಿಸುತ್ತದೆ ಎಂದು ಮನೋವಿಜ್ಞಾನಿ ಪಿಯಾಜೆ ಹೇಳಿದ್ದನ್ನು ನಾವು ಓದಿದ್ದೇವೆ. 3ರಿಂದ 8 ವರ್ಷದವರಿಗಾಗಿ 2022ರಲ್ಲಿ ಬಂದ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಆಟವನ್ನೇ ಕಲಿಕೆಯ ನಡುವೆ ಇಟ್ಟಿದೆ. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ ಮೊಳೆತ, ಚಟುವಟಿಕೆಯ ಮೂಲಕ ನಲಿಯುತ್ತ ಕಲಿಸುವ ‘ನಲಿ–ಕಲಿ’ಯ ಹಾದಿಯೂ ಇದೇ ಆದ್ದರಿಂದ, ನಮ್ಮ ಶಾಲೆಗಳಿಗೆ ಈ ವಿಧಾನ ಹೊಸತೇನಲ್ಲ.

ಎಲ್ಲಿಂದ ಆರಂಭಿಸಬೇಕು ಎಂಬ ಪ್ರಶ್ನೆಗೆ ನನ್ನ ಉತ್ತರ ಶಾಲೆಯ ಅಡುಗೆಮನೆ. ಬಿಸಿಯೂಟದ ಅಡುಗೆಯವರನ್ನು ಮಕ್ಕಳು ದಿನವೂ ನೋಡುತ್ತಾರೆ, ಆದರೂ ಪಟಗಳಲ್ಲಿ ಅವರಿಗೆ ಜಾಗವಿರುವುದು ಅಪರೂಪ. ಒಂದರಿಂದ ಐದನೇ ತರಗತಿಯ ಒಂದು ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯವೆಂಬುದು ನಿಯಮ. ಹತ್ತು ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರ ಹೆಸರು ಕರೆಯುತ್ತ ತಕ್ಕ ಅಳತೆಯ ಲೋಟದಲ್ಲಿ ಅಕ್ಕಿಯನ್ನು ಬುಟ್ಟಿಗೆ ಸುರಿದು, ಕೊನೆಗೆ ತೂಗಿ ಒಂದು ಕಿಲೋ ಆಯಿತೆಂದು ತೋರಿಸಿದರೆ, ಬೆಳಿಗ್ಗೆ ಅಡುಗೆಯವರು ಹಾಜರಾತಿ ಕೇಳಿಕೊಂಡು ಹೋಗುವುದು ಏಕೆಂಬುದು ಅವರಿಗೆ ತಾನಾಗಿ ಹೊಳೆಯುತ್ತದೆ. ಬಳಿಕ ಅಡುಗೆಯವರನ್ನು ತರಗತಿಗೆ ಆಹ್ವಾನಿಸಿ, ಕುರ್ಚಿ ಕೊಟ್ಟು ಕೂರಿಸಿ, ಪ್ರಶ್ನೆ ಕೇಳುವ ಅವಕಾಶವನ್ನು ಮಕ್ಕಳಿಗೆ ಬಿಡಬೇಕು. ನನ್ನ ಅಭ್ಯಾಸ ಪಾಠದಲ್ಲಿ ನಾನು ಬರೆದುಕೊಟ್ಟ ಪ್ರಶ್ನೆಗಳಿಗಿಂತ, ಒಂದನೇ ತರಗತಿಯ ಮಗುವೊಂದು ತಾನಾಗಿ ಕೇಳಿದ ‘ನೀವು ಯಾವಾಗ ಊಟ ಮಾಡ್ತೀರಿ?’ ಎಂಬ ಪ್ರಶ್ನೆಯೇ ಹೆಚ್ಚು ಕೆಲಸ ಮಾಡಿತು. ಎಲ್ಲರೂ ಉಂಡು ಪಾತ್ರೆ ತೊಳೆದ ಮೇಲೆ ಎಂಬ ಉತ್ತರ ಕೇಳಿ ತರಗತಿ ಸ್ವಲ್ಪ ಹೊತ್ತು ಸುಮ್ಮನಾಗಿತ್ತು.

ಅಂಚೆಯ ಚಟುವಟಿಕೆಗೆ ಎರಡು ವಾರ ಬೇಕು. ಪ್ರತಿ ಮಗುವೂ ತನ್ನ ಮನೆಗೇ ಒಂದು ಅಂಚೆ ಕಾರ್ಡಿನಲ್ಲಿ ಚಿತ್ರ ಬಿಡಿಸುತ್ತದೆ, ವಿಳಾಸವನ್ನು ನಾವು ಬರೆದುಕೊಡುತ್ತೇವೆ, ಎಲ್ಲರೂ ಒಟ್ಟಿಗೆ ಹೋಗಿ ಪೆಟ್ಟಿಗೆಗೆ ಹಾಕುತ್ತಾರೆ. 1972ರ ಆಗಸ್ಟ್ 15ರಂದು ಜಾರಿಗೆ ಬಂದ ಆರಂಕಿಯ ಪಿನ್‌ಕೋಡ್ ಇಲ್ಲಿ ಒಳ್ಳೆಯ ಆಟವಾಗುತ್ತದೆ. ಕರ್ನಾಟಕದ ಸಂಖ್ಯೆಗಳು 56ರಿಂದ 59ರವರೆಗಿನ ಜೋಡಿಗಳಿಂದ ಆರಂಭವಾಗುತ್ತವೆ, ಕೊನೆಯ ಮೂರು ಅಂಕಿಗಳು ವಿತರಣಾ ಅಂಚೆ ಕಚೇರಿಯನ್ನು ಸೂಚಿಸುತ್ತವೆ. ಆದ್ದರಿಂದ ಬೇರೆ ಬೇರೆ ಸಂಖ್ಯೆ ಬರೆದ ಚೀಟಿಗಳನ್ನು ರಟ್ಟಿನ ಡಬ್ಬಿಗಳಿಗೆ ವಿಂಗಡಿಸುವಾಗ ಅಂಕಿಗಳ ಗುರುತೂ ಗಟ್ಟಿಯಾಗುತ್ತದೆ. ಕಾರ್ಡು ಮನೆ ತಲುಪಿದ ದಿನವನ್ನು ಗೋಡೆಯ ಪಟ್ಟಿಯಲ್ಲಿ ಮಗುವೇ ಗುರುತಿಸಲಿ.

ಕಸ ವಿಂಗಡಣೆಯ ಚಟುವಟಿಕೆಯಲ್ಲಿ ಎಚ್ಚರ ಬೇಕು. ನಿಜವಾದ ಕಸವನ್ನು ಮಕ್ಕಳಿಂದ ಮುಟ್ಟಿಸದೆ, ಬಾಳೆಎಲೆ, ಕಾಗದ, ತೊಳೆದ ಪ್ಲಾಸ್ಟಿಕ್ ಇಟ್ಟು ಹಸಿ ಕಸ, ಒಣ ಕಸ ಎಂದು ಬೇರ್ಪಡಿಸಬೇಕು; ಒಡೆದ ಗಾಜನ್ನು ಕಾಗದದಲ್ಲಿ ಸುತ್ತಿ ಕೊಡದಿದ್ದರೆ ಯಾರ ಕೈ ಕೊಯ್ಯುತ್ತದೆ ಎಂದು ಕೇಳಬೇಕು. ರಾಜ್ಯದಲ್ಲಿ ಪೌರಕಾರ್ಮಿಕರ ದಿನಾಚರಣೆ ನಡೆಯುವ ಸೆಪ್ಟೆಂಬರ್ 23ರ ಸುತ್ತಮುತ್ತ ಇದನ್ನು ಇಟ್ಟುಕೊಳ್ಳಬಹುದು. ಹಳ್ಳಿ ಶಾಲೆಯಾದರೆ ಪಂಚಾಯಿತಿಯ ಕಸದ ಗಾಡಿ ‘ಸ್ವಚ್ಛ ವಾಹಿನಿ’ಯನ್ನು ಮಹಿಳೆಯೇ ಓಡಿಸುವುದನ್ನು ಮಕ್ಕಳು ಕಂಡಿರಬಹುದು, ಗಾಡಿ ಓಡಿಸುವುದು ಗಂಡಸರ ಕೆಲಸವೆಂಬ ಮಾತಿಗೆ ಅದೇ ಉತ್ತರ.

ಪಾತ್ರಾಭಿನಯದಲ್ಲಿ ನಾವು ಹೆಚ್ಚು ತಪ್ಪುವುದು ಪಾತ್ರ ಹಂಚುವಾಗ. ಇಷ್ಟದ ಪಾತ್ರ ಆರಿಸಿಕೊಳ್ಳಿ ಎಂದರೆ ಎಲ್ಲರೂ ಪೊಲೀಸ್, ಡಾಕ್ಟರ್ ಆಗುತ್ತಾರೆ, ಪೊರಕೆ ಹಿಡಿಯುವ ಪಾತ್ರ ದನಿಯಿಲ್ಲದ ಮಗುವಿನ ಪಾಲಾಗುತ್ತದೆ. ಚೀಟಿ ಎತ್ತಿಸಿ ಪ್ರತಿ ವಾರ ಪಾತ್ರ ಬದಲಿಸುವುದೇ ಸರಿಯಾದ ದಾರಿ. ‘ಯಾರ ಅಪ್ಪ ಈ ಕೆಲಸ ಮಾಡುತ್ತಾರೆ?’ ಎಂಬ ಪ್ರಶ್ನೆಯನ್ನು ನಾವು ಎಂದಿಗೂ ಕೇಳಬಾರದು. ಕುಂಬಾರ, ಚಮ್ಮಾರ, ಕ್ಷೌರಿಕ ಎಂಬ ಹೆಸರುಗಳಿಗೆ ನಮ್ಮ ಸಮಾಜ ಜಾತಿಯನ್ನು ಅಂಟಿಸಿರುವುದರಿಂದ, ಆ ಒಂದು ಪ್ರಶ್ನೆ ಮಗುವನ್ನು ತರಗತಿಯ ನಡುವೆ ಒಂಟಿಯಾಗಿ ನಿಲ್ಲಿಸಬಲ್ಲದು. ‘ಮಡಕೆ ಮಾಡಲು ಏನೇನು ಗೊತ್ತಿರಬೇಕು?’ ಎಂದು ಕೇಳಿ, ಎಲ್ಲರ ಕೈಗೂ ಜೇಡಿಮಣ್ಣು ಕೊಡೋಣ.

ತುರ್ತು ಕರೆಯ ಅಭ್ಯಾಸವನ್ನು ಹಾಳಾದ ಫೋನಿನಲ್ಲಿ ಮಾಡಿಸಬಹುದು. 112 ಅಥವಾ ಆಂಬುಲೆನ್ಸಿಗೆ 108 ಒತ್ತಿದ ಮೇಲೆ ಊರು, ಮನೆಯ ಹತ್ತಿರದ ಗುರುತು, ಏನಾಗಿದೆ ಎಂಬುದನ್ನು ಹೇಳಲು ಬಂದರೆ ಸಾಕು.

ಮೌಲ್ಯಮಾಪನಕ್ಕೆ ಹೊಂದಿಸಿ ಬರೆಯುವ ಪ್ರಶ್ನೆಗಳು ಬೇಡ. ‘ನೀರುಗಂಟಿ ಬಾರದ ದಿನ’ ಎಂದು ಚಿತ್ರ ಬಿಡಿಸಲು ಹೇಳಿ, ಮಗುವಿನ ಪಕ್ಕ ಕೂತು ಅದರ ವಿವರಣೆಯನ್ನು ಅದರದೇ ಮಾತಿನಲ್ಲಿ ಚಿತ್ರದ ಕೆಳಗೆ ಬರೆದುಕೊಳ್ಳಬೇಕು. ಒಣಗಿದ ನಲ್ಲಿಯನ್ನಷ್ಟೇ ಬಿಡಿಸಿದ ಮಗುವೂ ಪಾಠವನ್ನು ತಿಳಿದಿದೆ. ನೀರುಗಂಟಿಗೆ ಜ್ವರ ಬಂದಿರಬಹುದು ಎಂದು ಹೇಳುವ ಮಗು ಒಂದು ಹೆಜ್ಜೆ ಮುಂದೆ ಹೋಗಿದೆ.