ಹುಳುಕಡ್ಡಿ: ಹುಳುವಿಲ್ಲದ ರೋಗ, ಮರೆಯಾದರೂ ಮುಗಿಯದ ಸೋಂಕು

ಹೆಸರಿನಲ್ಲಿ ಹುಳುವಿದ್ದರೂ ಹುಳುಕಡ್ಡಿಗೆ ಯಾವ ಹುಳುವೂ ಕಾರಣವಲ್ಲ. ಅದನ್ನು ಉಂಟುಮಾಡುವುದು ಬೂಷ್ಟಿನ ಬಳಗಕ್ಕೆ ಸೇರಿದ ಶಿಲೀಂಧ್ರ. ಪ್ಯಾರಿಸ್ಸಿನಲ್ಲಿದ್ದ ವೈದ್ಯ ಡೇವಿಡ್ ಗ್ರೂಬಿ, ತಲೆಯ ಚರ್ಮಕ್ಕೆ ತಗಲುವ ಇಂಥದೇ ಒಂದು ಸೋಂಕಿಗೆ ಶಿಲೀಂಧ್ರವೇ ಮೂಲವೆಂದು 1841ರಲ್ಲಿ ವಿವರಿಸಿದಾಗ, ಕ್ಷಯದ ಬ್ಯಾಕ್ಟೀರಿಯಾ ಪತ್ತೆಯಾಗಲು ಇನ್ನೂ 41 ವರ್ಷ ಬಾಕಿಯಿತ್ತು.

ಈ ಶಿಲೀಂಧ್ರಗಳ ಆಹಾರ ಕೆರಾಟಿನ್ ಎಂಬ ಗಟ್ಟಿ ಪ್ರೋಟೀನು. ಅದು ಇರುವುದು ಕೂದಲಿನಲ್ಲಿ, ಉಗುರಿನಲ್ಲಿ ಮತ್ತು ಚರ್ಮದ ತೀರಾ ಮೇಲಿನ ನಿರ್ಜೀವ ಪದರದಲ್ಲಿ. ಆದ್ದರಿಂದ ಸೋಂಕು ಸಾಮಾನ್ಯವಾಗಿ ಅದಕ್ಕಿಂತ ಆಳಕ್ಕೆ ಇಳಿಯುವುದಿಲ್ಲ. ಒಂದು ಬಿಂದುವಿನಲ್ಲಿ ನೆಲೆಯೂರಿದ ಶಿಲೀಂಧ್ರ ಸುತ್ತಲೂ ಎಳೆಗಳನ್ನು ಚಾಚುತ್ತಾ ಹೊರಕ್ಕೆ ಬೆಳೆಯುತ್ತದೆ. ಅದನ್ನು ಎದುರಿಸಲು ದೇಹ ಉರಿಯೂತವನ್ನು ಹೂಡುವುದರಿಂದ ಅಂಚು ಕೆಂಪಾಗಿ, ತುಸು ಉಬ್ಬಿ, ಹೊಟ್ಟೇಳುತ್ತದೆ. ಅಷ್ಟರಲ್ಲಿ ನಡುಭಾಗ ತಿಳಿಯಾಗತೊಡಗಿರುತ್ತದೆ. ಉಂಗುರದ ಆಕಾರ ಹುಟ್ಟುವುದು ಹೀಗೆ.

ಆದರೆ ಉಂಗುರಾಕಾರದ ಕಲೆಗಳೆಲ್ಲ ಹುಳುಕಡ್ಡಿಯಲ್ಲ. ನಾಣ್ಯದಂತೆ ದುಂಡಗಿರುವ ಇಸುಬು, ಸೋರಿಯಾಸಿಸ್, ಕೆಲವೊಮ್ಮೆ ಕುಷ್ಠ ಕೂಡ ಇದೇ ರೂಪ ತಳೆಯಬಹುದು. ಕಲೆಯ ಮೇಲೆ ಮುಟ್ಟಿದ್ದು ತಿಳಿಯದಿದ್ದರೆ ಒಂದು ದಿನವೂ ತಡಮಾಡದೆ ವೈದ್ಯರಿಗೆ ತೋರಿಸಬೇಕು. ಅನುಮಾನ ಬಗೆಹರಿಸುವ ಪರೀಕ್ಷೆ ಬಹಳ ಸರಳ, ನೋವೂ ಇಲ್ಲ. ಅಂಚಿನ ಹೊಟ್ಟನ್ನು ಮೊಂಡು ಅಲಗಿನಿಂದ ಹಗುರಾಗಿ ಕೆರೆದು ಗಾಜಿನ ಪಟ್ಟಿಯ ಮೇಲೆ ಉದುರಿಸಿ, ಪೊಟ್ಯಾಸಿಯಂ ಹೈಡ್ರಾಕ್ಸೈಡಿನ ಒಂದು ಹನಿ ಹಾಕುತ್ತಾರೆ. ಚರ್ಮದ ಕೋಶಗಳು ನಿಧಾನವಾಗಿ ಕರಗಿ ಮಸುಕಾದಂತೆ, ಅವುಗಳ ನಡುವೆ ಅಡ್ಡಗೋಡೆಗಳುಳ್ಳ, ಕವಲೊಡೆದ ಸಣ್ಣ ಎಳೆಗಳು ಸೂಕ್ಷ್ಮದರ್ಶಕದಲ್ಲಿ ಕಾಣಿಸುತ್ತವೆ. ಔಷಧ ಹಚ್ಚುವ ಮೊದಲೇ ಈ ಪರೀಕ್ಷೆ ಮಾಡಿಸುವುದು ಒಳ್ಳೆಯದು, ಏಕೆಂದರೆ ಹಚ್ಚಿದ ಮೇಲೆ ಎಳೆಗಳು ಸಿಗದೆ ಹೋಗಬಹುದು.

ನನ್ನನ್ನು ಹೆಚ್ಚು ಚಿಂತೆಗೀಡುಮಾಡುವುದು, ತುರಿಕೆ ತಾಳಲಾರದೆ ಯಾರೋ ಹೇಳಿದರೆಂದು ಹಚ್ಚಿಕೊಳ್ಳುವ ಸ್ಟಿರಾಯ್ಡ್ ಬೆರೆತ ಮುಲಾಮು. ಸ್ಟಿರಾಯ್ಡ್ ಕೊಲ್ಲುವುದು ಶಿಲೀಂಧ್ರವನ್ನಲ್ಲ, ಅದು ಅಡಗಿಸುವುದು ದೇಹದ ಪ್ರತಿರೋಧವನ್ನು. ಎರಡು ದಿನಗಳಲ್ಲಿ ಕೆಂಪು ಇಳಿದು ತುರಿಕೆ ನಿಂತಾಗ ಗುಣವಾಯಿತೆಂದೇ ಅನ್ನಿಸುತ್ತದೆ, ಆದರೆ ಅಡ್ಡಿಯಿಲ್ಲದ ಶಿಲೀಂಧ್ರ ಅಷ್ಟರಲ್ಲಿ ಅಗಲವಾಗಿ ಹರಡುತ್ತಿರುತ್ತದೆ, ಮುಲಾಮು ಬಿಟ್ಟೊಡನೆ ತುರಿಕೆ ಮರಳುತ್ತದೆ. ಹೀಗೆ ಉಂಗುರದ ಗುರುತು ಅಳಿಸಿಹೋಗಿ ವೈದ್ಯರ ಕಣ್ಣಿಗೂ ಸುಲಭಕ್ಕೆ ಸಿಗದ ಈ ಸ್ಥಿತಿಗೆ 'ಟಿನಿಯಾ ಇನ್‌ಕಾಗ್ನಿಟೊ', ಅಂದರೆ ವೇಷ ಮರೆಸಿಕೊಂಡ ಹುಳುಕಡ್ಡಿ, ಎಂಬ ಹೆಸರೇ ಇದೆ. ತೊಡೆಸಂದಿಯಂಥ ತೆಳು ಚರ್ಮದಲ್ಲಿ ಇಂಥ ಮುಲಾಮಿನ ದೀರ್ಘ ಬಳಕೆಯಿಂದ ಚರ್ಮವೇ ಸವೆದು, ಮಾಸದ ಬಿರುಕುಗೆರೆಗಳು ಉಳಿಯುತ್ತವೆ.

ಶಿಲೀಂಧ್ರವನ್ನೇ ಗುರಿಯಾಗಿಸುವ ಔಷಧಗಳಿವೆ. ಟರ್ಬಿನಾಫಿನ್ ಮತ್ತು ಕ್ಲೋಟ್ರಿಮಜೋಲ್ ಎರಡೂ ಅದರ ಕೋಶಪೊರೆಗೆ ಬೇಕಾದ ಎರ್ಗೋಸ್ಟೆರಾಲ್ ತಯಾರಾಗದಂತೆ ತಡೆಯುತ್ತವೆ. ನಮ್ಮ ಕೋಶಪೊರೆಯಲ್ಲಿರುವುದು ಕೊಲೆಸ್ಟೆರಾಲ್ ಆದ್ದರಿಂದ ಪೆಟ್ಟು ಹೆಚ್ಚಾಗಿ ಶಿಲೀಂಧ್ರಕ್ಕೇ ಬೀಳುತ್ತದೆ. ಕಲೆಯಿಂದ ಒಂದೆರಡು ಸೆಂಟಿಮೀಟರ್ ಆಚೆಗೂ ಮುಲಾಮು ಹಚ್ಚಬೇಕು, ಕಲೆ ಮಾಸಿದರೂ ಹೇಳಿದಷ್ಟು ದಿನ ಮುಂದುವರಿಸಬೇಕು. ತಲೆ ಮತ್ತು ಉಗುರಿನ ಮಾತು ಬೇರೆ. ಕೂದಲಿನ ಬುಡಕ್ಕೆ ಮುಲಾಮು ತಲುಪದ ಕಾರಣ ಅಲ್ಲಿ ಗುಳಿಗೆ ಬೇಕು. ಉಗುರಿಗೂ ಬಹಳಷ್ಟು ಸಲ ಅದೇ ದಾರಿ. ಟರ್ಬಿನಾಫಿನ್ ಗುಳಿಗೆಯನ್ನು ಕೈಯುಗುರಿಗೆ ಸಾಮಾನ್ಯವಾಗಿ 6 ವಾರ, ಕಾಲುಗುರಿಗೆ 12 ವಾರ ಕೊಡುತ್ತಾರೆ. ಇತ್ತೀಚೆಗೆ ಟರ್ಬಿನಾಫಿನ್‌ಗೆ ಬಗ್ಗದ ತಳಿಗಳೂ ಕಾಣಿಸಿಕೊಂಡಿರುವುದರಿಂದ, ಕ್ರಮವಾಗಿ ಹಚ್ಚಿದರೂ ಕಲೆ ಇಳಿಯದಿದ್ದರೆ ಮುಲಾಮು ಬದಲಿಸುತ್ತಾ ಹೋಗದೆ ಚರ್ಮವನ್ನು ಮತ್ತೆ ಕೆರೆದು ನೋಡಿಸಬೇಕು. ಮನೆಯಲ್ಲಿ ಇನ್ನೊಬ್ಬರಿಗೂ ತುರಿಕೆಯಿದ್ದರೆ ಅವರಿಗೂ ಜೊತೆಯಲ್ಲೇ ಚಿಕಿತ್ಸೆಯಾಗಬೇಕು. ಟವೆಲ್ ಹಂಚಿಕೊಳ್ಳುವುದಂತೂ ಅಂದಿನಿಂದಲೇ ನಿಲ್ಲಬೇಕು.