ಮೀನು ತಪ್ಪಿಸಿಕೊಳ್ಳಬಾರದು ಅಂತ ಕೋಡಿಗೆ ಜಾಲರಿ

ಕೆರೆ ನೋಡಲು ಹೋದವರು ನೀರು ನೋಡುತ್ತಾರೆ. ಏರಿಯ ಮೇಲೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ, ಏರಿಯ ಕಡೆ ಮಾತ್ರ ಯಾರೂ ತಿರುಗಿ ನೋಡುವುದಿಲ್ಲ. ನಾನೂ ಅಷ್ಟೇ ಇದ್ದೆ. ಸೌತ್ ಫೋರ್ಕ್ ಕಥೆ ಓದಿದ ಮೇಲೆ ಮೊದಲು ಕೋಡಿ, ಅಂದರೆ ತುಂಬಿದ ಕೆರೆಯ ಹೆಚ್ಚಿನ ನೀರು ಹೊರಗೆ ಹರಿಯುವ ಜಾಗ, ಎಲ್ಲಿದೆ ಅಂತ ಹುಡುಕುವ ಚಾಳಿ ಅಂಟಿಕೊಂಡಿತು.

ಸೌತ್ ಫೋರ್ಕ್ ಇರುವುದು ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ. ದೋಣಿ ಸಾಗುವ ಕಾಲುವೆಗೆ ನೀರು ಬೇಕು ಅಂತ ಸರ್ಕಾರ ಅಲ್ಲೊಂದು ಮಣ್ಣಿನ ಅಣೆಕಟ್ಟು ಕಟ್ಟಿಸಿತು. ಎತ್ತರ 72 ಅಡಿ, ಉದ್ದ 930 ಅಡಿ ಚಿಲ್ಲರೆ. 1853ರಲ್ಲಿ ಕೆಲಸ ಮುಗಿಯುವ ಹೊತ್ತಿಗೆ ರೈಲು ಬಂದಿತ್ತು, ಕಾಲುವೆ ಮೂಲೆಗೆ ಬಿತ್ತು. 1862ರಲ್ಲಿ ಕಟ್ಟೆ ಒಮ್ಮೆ ಒಡೆಯಿತು. ಆಗ ಕೆರೆಯಲ್ಲಿ ನೀರು ಜಾಸ್ತಿ ಇರಲಿಲ್ಲ, ದೊಡ್ಡ ಅನಾಹುತವಾಗಲಿಲ್ಲ. ಕೈಯಿಂದ ಕೈಗೆ ದಾಟಿ 1879ರಲ್ಲಿ ಅದು ಪಿಟ್ಸ್‌ಬರ್ಗ್ ಸಾಹುಕಾರರ ಮೀನುಗಾರಿಕೆ ಕ್ಲಬ್ಬಿನ ಪಾಲಾಯಿತು. ಉಕ್ಕಿನ ದೊರೆ ಆಂಡ್ರ್ಯೂ ಕಾರ್ನೆಗಿ ಕೂಡ ಸದಸ್ಯ. ಬೇಸಿಗೆಯಲ್ಲಿ ಬಂದು ದೋಣಿ ಬಿಡುವುದು, ಗಾಳ ಹಾಕುವುದು, ಇಷ್ಟಕ್ಕೇ ಅಷ್ಟು ದೊಡ್ಡ ಕೆರೆ.

ಮಣ್ಣಿನ ಕಟ್ಟೆಗೆ ಮುಖ್ಯವಾಗಿ ಎರಡು ದಾರಿಯಲ್ಲಿ ಸಾವು ಬರುತ್ತದೆ: ನೀರು ಅದರ ತಲೆ ಮೇಲೆ ಹರಿದರೆ, ಇಲ್ಲಾ ಅದರ ಹೊಟ್ಟೆಯೊಳಗೆ ದಾರಿ ಮಾಡಿಕೊಂಡರೆ. ಕಾಂಕ್ರೀಟ್ ಕಟ್ಟೆ ಮೇಲಿಂದ ನೀರು ಸುರಿದರೂ ಸ್ವಲ್ಪ ಹೊತ್ತು ತಾಳಬಹುದು. ಮಣ್ಣು ತಾಳುವುದಿಲ್ಲ. ತುದಿಯಿಂದ ಗದ್ದೆ ಕಡೆಯ ಇಳಿಜಾರಿಗೆ ಇಳಿದ ನೀರು ವೇಗ ಹಿಡಿದು ಬುಡದಲ್ಲಿ ಮಣ್ಣು ಕೀಳುತ್ತದೆ. ಅಲ್ಲೊಂದು ಮೆಟ್ಟಿಲಾಗುತ್ತದೆ. ಆ ಮೆಟ್ಟಿಲು ಕುಸಿಯುತ್ತಾ ಹಿಂದೆ ಹಿಂದೆ, ಕೆರೆಯ ಕಡೆಗೆ ಸರಿಯುತ್ತದೆ. ನೀರಿನ ಅಂಚು ಮುಟ್ಟಿತೋ, ಮುಗಿಯಿತು. ಅದಕ್ಕೇ ಏರಿ ಎಷ್ಟು ಗಟ್ಟಿ ಅನ್ನುವಷ್ಟೇ ಕೋಡಿ ಎಷ್ಟು ಅಗಲ, ಏರಿಗಿಂತ ಎಷ್ಟು ತಗ್ಗು ಅನ್ನುವುದೂ ಮುಖ್ಯ.

ಈಗ ಕ್ಲಬ್ಬಿನವರ ಕೆಲಸ ನೋಡಿ. ಗಾಡಿಗಳು ಎದುರುಬದುರಾದರೆ ದಾಟಲು ಜಾಗ ಬೇಕು ಅಂತ ಏರಿಯ ತಲೆಯನ್ನು ಎರಡು ಮೂರು ಅಡಿ ತರಿದರು. ಮೇಲೆ ಅಗಲವೇನೋ ಸಿಕ್ಕಿತು. ಆದರೆ ಕೋಡಿಗೂ ಏರಿಗೂ ಇದ್ದ ಅಂತರ ಅಷ್ಟು ಕಮ್ಮಿಯಾಯಿತು. ದುಡ್ಡು ಕೊಟ್ಟು ತಂದು ಬಿಟ್ಟ ಮೀನು ಹೊಳೆಗೆ ಹೋಗಬಾರದು ಅಂತ ಕೋಡಿಗೆ ಕಬ್ಬಿಣದ ಜಾಲರಿ ಹಾಕಿದರು. ಬುಡದಿಂದ ನೀರು ಬಿಡುವ ತೂಬಿನಲ್ಲಿ ಮೊದಲು ಐದು ಎರಕದ ಕಬ್ಬಿಣದ ಕೊಳವೆಗಳಿದ್ದವು. ಹಿಂದಿನ ಮಾಲೀಕ ಅವನ್ನು ಕಿತ್ತು ಗುಜರಿಗೆ ಮಾರಿದ್ದ. ಇವರು ಮತ್ತೆ ಹಾಕಿಸಲಿಲ್ಲ. ಒಡೆದಿದ್ದ ಜಾಗಕ್ಕೆ ಮಣ್ಣಿನ ಜೊತೆ ಹುಲ್ಲು, ಸೊಪ್ಪುಸದೆ, ಲದ್ದಿ ತುಂಬಿದರು. ಅಂದರೆ ನೀರು ಇಳಿಸಬೇಕೆಂದರೆ ತೂಬಿಲ್ಲ, ಹೊರಗೆ ಬಿಡಬೇಕೆಂದರೆ ಕೋಡಿ ಇಕ್ಕಟ್ಟು.

ಕೆಳಗಿದ್ದ ಜಾನ್ಸ್‌ಟೌನ್‌ನ ಕಬ್ಬಿಣದ ಕಂಪನಿಯವರಿಗೆ ಭಯವಿತ್ತು. 1880ರಲ್ಲಿ ಅವರು ಕಳಿಸಿದ ಎಂಜಿನಿಯರ್ ಜಾನ್ ಫುಲ್ಟನ್, ನೀರು ಇಳಿಸುವ ಕೊಳವೆ ಇಲ್ಲ, ರಿಪೇರಿ ಸರಿಯಾಗಿಲ್ಲ ಅಂತ ಬರೆದುಕೊಟ್ಟ. ನಮ್ಮಿಂದ ನಿಮಗೆ ಯಾವ ಅಪಾಯವೂ ಇಲ್ಲ ಎಂದು ಕ್ಲಬ್ಬಿನ ಅಧ್ಯಕ್ಷನಿಂದ ಉತ್ತರ ಬಂತು.

1889ರ ಮೇ 31. ಹಿಂದಿನ ರಾತ್ರಿಯಿಂದ ಬಿಡದೆ ಮಳೆ. ಕೂಲಿಯವರು ನೇಗಿಲು ಹೂಡಿ ಏರಿಯ ಮೇಲೆ ಮಣ್ಣೇರಿಸಲು ನೋಡಿದರು, ಪಕ್ಕದಲ್ಲಿ ಇನ್ನೊಂದು ಕೋಡಿ ಅಗೆಯಲು ನೋಡಿದರು. ಕಸಕಡ್ಡಿ, ಮರದ ಬೊಡ್ಡೆ ಎಲ್ಲ ಬಂದು ಜಾಲರಿಗೆ ಮೆತ್ತಿಕೊಂಡಿತ್ತು. ಕೀಳಬೇಕು ಅನ್ನುವಷ್ಟರಲ್ಲಿ ಹೊತ್ತು ಮೀರಿತ್ತು. ಮಧ್ಯಾಹ್ನ ಮೂರರ ಆಸುಪಾಸಿನಲ್ಲಿ ಏರಿ ಹೋಯಿತು. 14 ಮೈಲಿ ಕೆಳಗಿನ ಜಾನ್ಸ್‌ಟೌನ್‌ಗೆ ನೀರು ತಲುಪಿದ್ದು ನಾಲ್ಕು ಗಂಟೆ ದಾಟಿ. ಸತ್ತವರು 2,209 ಜನ. ಕೋರ್ಟಿನಲ್ಲಿ ಕ್ಲಬ್ಬಿಗೆ ಏನೂ ಆಗಲಿಲ್ಲ, ಎಲ್ಲ ದೇವರ ಮೇಲೆ ಹೋಯಿತು.

ಇನ್ನು ಹೊಟ್ಟೆಯೊಳಗಿನ ದಾರಿ. ಮಣ್ಣಿನ ಏರಿ ಅಂದಮೇಲೆ ಸ್ವಲ್ಪ ಸೋರಿಯೇ ಸೋರುತ್ತದೆ, ಅದಕ್ಕೇ ಗಾಬರಿ ಬೇಡ. ಬುಡದಲ್ಲಿ ಜಿನುಗುವ ನೀರನ್ನು ಒಂದು ಗಾಜಿನ ಲೋಟದಲ್ಲಿ ಹಿಡಿದು ಬೆಳಕಿಗೆ ಎತ್ತಿ. ತಿಳಿಯಾಗಿದ್ದರೆ ಬರುತ್ತಿರುವುದು ಬರೀ ನೀರು. ಕದಡಿದ್ದರೆ ಏರಿಯೇ ಚೂರು ಚೂರಾಗಿ ಹೊರಗೆ ಬರುತ್ತಿದೆ ಅಂತ ಲೆಕ್ಕ. ಹೆಗ್ಗಣದ ಬಿಲ, ಏಡಿ ತೂತು, ಒಣಗಿದ ಮರದ ಕೊಳೆತ ಬೇರು, ಹಳೇ ತೂಬಿನ ಪಕ್ಕದ ಸಂದು, ಇಲ್ಲೆಲ್ಲ ಅದು ಶುರುವಾಗುತ್ತದೆ. ತೂತು ಒಳಗೆ ಬೆಳೆಯುತ್ತಿರುತ್ತದೆ, ಮೇಲಿಂದ ನೋಡಿದರೆ ಹಸಿರು ಹುಲ್ಲು. ಸುತ್ತ ಎಲ್ಲ ಒಣಗಿದ ಬೇಸಿಗೆಯಲ್ಲಿ ಇಳಿಜಾರಿನ ಒಂದೇ ಕಡೆ ಹುಲ್ಲು ಸೊಂಪಾಗಿದ್ದರೆ ನನಗೆ ಅನುಮಾನ ಬರುತ್ತದೆ.

ಕದಡು ನೀರು ಕಂಡ ತಕ್ಷಣ ಜೇಡಿಮಣ್ಣು ತಂದು ಮೆತ್ತೋಣ ಅನ್ನಿಸುತ್ತದೆ, ಅಲ್ವಾ? ಹೊರಗಿನಿಂದ ಹಾಗೆ ಮೆತ್ತಿದರೆ ಕೆಲಸ ಕೆಡುತ್ತದೆ. ಒಳಗಿನ ಒತ್ತಡ ಹೋಗಲ್ಲ, ನೀರು ಪಕ್ಕದಲ್ಲಿ ಇನ್ನೊಂದು ಬಾಯಿ ತೆರೆಯುತ್ತದೆ. ಬಲ್ಲವರು ಅದರ ಮೇಲೆ ಮರಳು, ಅದರ ಮೇಲೆ ಜಲ್ಲಿ ಹೇರುತ್ತಾರೆ. ಕಾಫಿ ಸೋಸಿದ ಹಾಗೆ: ನೀರು ಇಳಿದು ಹೋಗಲಿ, ಪುಡಿ ಮಾತ್ರ ಉಳಿಯಲಿ. ಜೊತೆಗೆ ಕೆರೆಯ ಮಟ್ಟ ಇಳಿಸಬೇಕು. ಅದಕ್ಕೆ ಕೆಲಸ ಮಾಡುವ ತೂಬು ಬೇಕು.

ನಮ್ಮಲ್ಲಿ 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ 15 ಮೀಟರಿಗಿಂತ ಎತ್ತರದವಕ್ಕೆ, ಕೆಲವು ಷರತ್ತಿನ ಮೇಲೆ 10ರಿಂದ 15 ಮೀಟರಿನವಕ್ಕೆ ಅನ್ವಯಿಸುತ್ತದೆ. ಊರ ಕೆರೆಗಳ ಏರಿ ಬಹುಮಟ್ಟಿಗೆ ಅಷ್ಟು ಎತ್ತರ ಇರಲ್ಲ. ಅಲ್ಲಿ ಮಳೆಗಾಲದಲ್ಲಿ ಕೋಡಿಗೆ ಬಲೆ ಕಟ್ಟುವವರನ್ನು, ಇನ್ನೊಂದು ಅಡಿ ನೀರು ನಿಲ್ಲಲಿ ಅಂತ ಮರಳಿನ ಚೀಲ ಒಟ್ಟುವವರನ್ನು ನಾನೇ ನೋಡಿದ್ದೇನೆ. ಪಾಪ, ಅವರೇನು ಸಾಹುಕಾರರಲ್ಲ.

ಸೌತ್ ಫೋರ್ಕ್ ಏರಿಯ ಎರಡು ತುದಿಗಳು ಇವತ್ತೂ ನಿಂತಿವೆ. ನಡುವಿನ ಕಂಡಿಯಲ್ಲಿ ಸಣ್ಣ ಹೊಳೆ ಹರಿಯುತ್ತದೆ, ಪಕ್ಕದಲ್ಲೇ ರೈಲು ಹಳಿ ಹೋಗಿದೆ. ಬಂಡೆ ಕಡಿದು ಮಾಡಿದ್ದ ಕೋಡಿ ಮಾತ್ರ ಒಂಚೂರೂ ಕದಲಿಲ್ಲ. ಹೋದವರು ಅದರೊಳಗೆ ಇಳಿದು ನಡೆದಾಡಬಹುದು.