ಕಾಡಿನ ನಡುವಿನ ಧ್ಯಾನ ಶಿಬಿರ: ಮನೆಯಲ್ಲೇ ಕೂತರೆ ಸಾಲದಾ?

ಪ್ರಶ್ನೆ: ಕಾಡಲ್ಲೋ ಬೆಟ್ಟದ ಮೇಲೋ ನಡೆಯುವ ಧ್ಯಾನ, ಮೌನ ಶಿಬಿರಗಳಿಗೆ ಹೋದರೆ ಮನಸ್ಸಿಗೆ ನಿಜಕ್ಕೂ ಉಪಯೋಗ ಇದೆಯಾ? ಮನೆಯಲ್ಲೇ ಕಣ್ಣು ಮುಚ್ಚಿ ಕೂತರೆ ಸಾಲದಾ?

ಉತ್ತರ: ಉಪಯೋಗ ಖಂಡಿತ ಇದೆ. ಮನೆಯಲ್ಲಿ ಮಾಡುವ ಧ್ಯಾನವೂ ಒಳ್ಳೆಯದೇ, ಬಿಡಬೇಡಿ. ಆದರೆ ಮನೆಯಲ್ಲಿ ಕಣ್ಣು ಮುಚ್ಚಿದರೂ ಕಿವಿ ಬಾಗಿಲ ಕಡೆಗೇ ಇರುತ್ತದೆ ಅಲ್ವಾ? ಯಾರೋ ಕರೆಯುತ್ತಾರೆ, ಏನೋ ನೆನಪಾಗುತ್ತದೆ. ಶಿಬಿರದಲ್ಲಿ ಈ ಕಾವಲು ತಪ್ಪುತ್ತದೆ. ಅಡುಗೆ ಏನು, ಮುಂದಿನ ಕೆಲಸ ಏನು ಅಂತ ಯೋಚಿಸಬೇಕಿಲ್ಲ. ಗಂಟೆ ಹೊಡೆದಾಗ ಎದ್ದರೆ ಆಯಿತು.

ಸರಿ, ಅದಕ್ಕೆ ಕಾಡೇ ಯಾಕೆ ಬೇಕು? 1984ರಲ್ಲಿ ರೋಜರ್ ಉಲ್ರಿಚ್ ಅನ್ನುವ ಸಂಶೋಧಕರು ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅಮೆರಿಕದ ಪೆನ್ಸಿಲ್ವೇನಿಯಾದ ಒಂದು ಆಸ್ಪತ್ರೆಯಲ್ಲಿ ಪಿತ್ತಕೋಶದ ಆಪರೇಷನ್ ಆದವರ ದಾಖಲೆಗಳನ್ನು ಅವರು ನೋಡಿದ್ದರು. ಕೆಲವರ ಕಿಟಕಿಯಾಚೆ ಮರಗಳು, ಇನ್ನು ಕೆಲವರಿಗೆ ಬರೀ ಇಟ್ಟಿಗೆ ಗೋಡೆ. ಮರ ಕಾಣುತ್ತಿದ್ದವರು ಬೇಗ ಮನೆಗೆ ಹೋದರು, ಜೋರಾದ ನೋವಿನ ಔಷಧಿಯೂ ಅವರಿಗೆ ಕಡಿಮೆ ಸಾಕಾಯಿತು. ನೋಡಿದ್ದು 46 ಮಂದಿಯನ್ನು ಮಾತ್ರ, ಇದೊಂದರಿಂದಲೇ ಎಲ್ಲ ಹೇಳಲಾಗದು. ಆದರೂ ಹಾಸಿಗೆ ಮೇಲೆ ಮಲಗಿ ಸುಮ್ನೆ ಮರ ನೋಡಿದ್ದಕ್ಕೇ ಇಷ್ಟು ವ್ಯತ್ಯಾಸ ಅಂದರೆ ನನಗೆ ಇವತ್ತಿಗೂ ಬೆರಗು.

2015ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಇನ್ನೊಂದು ವಿಷಯ ಕಂಡರು. ಹಸಿರಿನ ನಡುವೆ 90 ನಿಮಿಷ ನಡೆದು ಬಂದವರಲ್ಲಿ, ಹಳೇ ನೋವನ್ನೇ ಮತ್ತೆ ಮತ್ತೆ ಕೆದಕುವ ಯೋಚನೆ ಕಡಿಮೆಯಾಗಿತ್ತು. ವಾಹನ ತುಂಬಿದ ರಸ್ತೆ ಬದಿ ನಡೆದವರಲ್ಲಿ ಹಾಗೆ ಆಗಲಿಲ್ಲ. ಶಿಬಿರಕ್ಕೆ ಬರುವ ಬಹಳ ಮಂದಿಯ ಕಷ್ಟವೇ ಈ ಕೆದಕಾಟ. ಮೊಬೈಲ್ ಪರದೆ ನಮ್ಮ ಗಮನವನ್ನು ಕಿತ್ತುಕೊಳ್ಳುತ್ತದೆ. ಎಲೆಗಳ ಸಂದಿಯಿಂದ ನೆಲದ ಮೇಲೆ ಬಿದ್ದ ಬಿಸಿಲು ಅಲುಗಾಡುವುದನ್ನು ನೋಡುವಾಗ ಹಾಗಲ್ಲ. ನೋಡಿದರೂ ಸರಿ, ಬಿಟ್ಟರೂ ಸರಿ. ದಣಿದ ಗಮನ ಸುಧಾರಿಸಿಕೊಳ್ಳುವುದು ಇಂಥ ಹೊತ್ತಲ್ಲೇ.

ಹಾಗಂತ ಹೋದ ತಕ್ಷಣ ಶಾಂತಿ ಸಿಗುತ್ತದೆ ಅಂದುಕೊಳ್ಳಬೇಡಿ. ಮೊದಲ ಸಂಜೆ ಫೋನ್ ಕೊಟ್ಟುಬಿಟ್ಟಿರುತ್ತೀರಿ, ಆದರೂ ಕೈ ತಾನಾಗಿ ಜೇಬಿಗೆ ಹೋಗುತ್ತದೆ. ಬೇಜಾರು, ಸಿಟ್ಟು, ಅಳು ಎಲ್ಲ ಬರಬಹುದು. ಗದ್ದಲದಲ್ಲಿ ಅಡಗಿದ್ದೆಲ್ಲ ಮೌನದಲ್ಲಿ ಮೇಲೆ ಬರುತ್ತದೆ. ಆಗ ಮಾತಾಡಿಸಲು ಅನುಭವ ಇರುವವರು ಒಬ್ಬರು ಅಲ್ಲಿ ಇರಲೇಬೇಕು. ಹೆಸರು ಬರೆಸುವ ಮೊದಲೇ ಈ ವಿಷಯ ಕೇಳಿಕೊಳ್ಳಿ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಶಿಬಿರ ಚಿಕಿತ್ಸೆಗೆ ಬದಲಿ ಅಲ್ಲ. ಖಿನ್ನತೆ, ತೀವ್ರ ಆತಂಕ, ಮಾಸದ ಆಘಾತ ಇದ್ದರೆ ಮೊದಲು ವೈದ್ಯರ ಹತ್ತಿರ ಮಾತಾಡಿ. ಕೆಲವರಿಗೆ ದೀರ್ಘ ಮೌನದಿಂದ ತೊಂದರೆ ಜಾಸ್ತಿಯಾಗುವುದೂ ಉಂಟು. ಒಳ್ಳೆಯ ಶಿಬಿರದವರು ನಿಮ್ಮ ಆರೋಗ್ಯದ ಬಗ್ಗೆ ತಾವಾಗಿಯೇ ವಿಚಾರಿಸುತ್ತಾರೆ. ‘ಮಾತ್ರೆ ನಿಲ್ಲಿಸಿ, ಇಲ್ಲಿ ಎಲ್ಲ ವಾಸಿಯಾಗುತ್ತದೆ’ ಅನ್ನುವ ಕಡೆ ಕಾಲಿಡಬೇಡಿ.

ಮೊದಲ ಸಲ ಹತ್ತು ದಿನದ ಮೌನ ಬೇಡ, ಎರಡು ಮೂರು ದಿನದ್ದು ಸಾಕು. ಬಂದ ಮರುದಿನವೇ ಕೆಲಸಕ್ಕೆ ಓಡಬೇಡಿ. ಅಲ್ಲಿ ಸಿಕ್ಕ ಹಗುರ ಕೆಲವೇ ವಾರಗಳಲ್ಲಿ ಕರಗಬಹುದು, ಅದಕ್ಕೆ ಹತ್ತಿರದಲ್ಲೇ ಮರಗಿಡ ಇರುವ ಜಾಗ ಒಂದನ್ನು ಹುಡುಕಿಕೊಳ್ಳಿ. 2019ರಲ್ಲಿ ಇಂಗ್ಲೆಂಡಿನ ಸುಮಾರು 20,000 ಮಂದಿಯ ಮಾಹಿತಿ ನೋಡಿದಾಗ, ವಾರಕ್ಕೆ 120 ನಿಮಿಷವಾದರೂ ಪ್ರಕೃತಿಯಲ್ಲಿ ಕಳೆಯುವವರು ತಮ್ಮ ಆರೋಗ್ಯ ಚೆನ್ನಾಗಿದೆ ಅಂದದ್ದು ಜಾಸ್ತಿ. ಆ ಹೊತ್ತನ್ನು ಒಂದೇ ಸಲ ಕಳೆದರೂ, ದಿನಾ ಸ್ವಲ್ಪ ಸ್ವಲ್ಪ ಕಳೆದರೂ ಫಲಿತಾಂಶ ಒಂದೇ ಥರ ಇತ್ತು.